ಅಗ್ನಿಶಾಮಕ ಠಾಣೆಯಲ್ಲಿ ಲೈಂಗಿಕ ಕಿರುಕುಳ: ಇಲಾಖೆ ಯಾವಾಗ ಹೊಣೆ? ಅಮೆರಿಕದ ಕಾನೂನಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಅಗ್ನಿಶಾಮಕ ಠಾಣೆ ಆಫೀಸೂ ಹೌದು, ಮನೆಯೂ ಹೌದು. ಬಹಳ ಕಡೆ ಪಾಳಿ 24 ಗಂಟೆಯದು. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಸ್ನಾನ. ಕರೆ ಬಂದರೆ ಎಲ್ಲರೂ ಒಂದೇ ವಾಹನ ಹತ್ತಬೇಕು. ಹೊಗೆ ತುಂಬಿದ ಮನೆಯೊಳಗೆ ಪಕ್ಕದವರನ್ನು ನಂಬಿಯೇ ಕಾಲಿಡಬೇಕು. ಇಂಥ ಕಡೆ ಒಬ್ಬರು ಕಿರುಕುಳ ಕೊಡಲು ಶುರು ಮಾಡಿದರೆ, ಸಂಜೆಯಾದರೆ ಮನೆಗೆ ಹೋಗ್ತೀನಿ ಅನ್ನುವ ಸಮಾಧಾನವೂ ಇಲ್ಲ. ದೂರು ಕೊಟ್ಟರೆ ನಾಳೆ ಬೆಂಕಿಯೊಳಗೆ ನನ್ನ ಹಿಂದೆ ಯಾರು ನಿಲ್ಲುತ್ತಾರೆ ಅನ್ನುವ ಭಯ ಬೇರೆ.

ಕಿರುಕುಳ ಕೊಟ್ಟವರು ತಪ್ಪಿತಸ್ಥರು, ಅದರಲ್ಲಿ ಮಾತಿಲ್ಲ. ಇಲ್ಲಿ ನೋಡುತ್ತಿರುವುದು ಇನ್ನೊಂದು ಪ್ರಶ್ನೆ. ಅವರು ಮಾಡಿದ್ದಕ್ಕೆ ಇಲಾಖೆ, ಅಂದರೆ ಸಂಬಳ ಕೊಡುವ ನಗರ ಅಥವಾ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಯಾವಾಗ ಉತ್ತರ ಕೊಡಬೇಕು? ನನ್ನ ಪ್ರಕಾರ ಇಡೀ ಕಾನೂನು ಎರಡು ಮಾತಿಗೆ ಬಂದು ನಿಲ್ಲುತ್ತದೆ. ಕಿರುಕುಳ ಕೊಟ್ಟವರ ಕೈಯಲ್ಲಿ ಎಷ್ಟು ಅಧಿಕಾರ ಇತ್ತು? ಇಲಾಖೆಗೆ ಅದು ಯಾವಾಗ ಗೊತ್ತಾಯಿತು? ಈ ಎರಡರ ನಡುವೆ ಸಿಕ್ಕಿಕೊಳ್ಳುವವರು ಒಬ್ಬರೇ, ಪಾಳಿಯಲ್ಲಿ ಠಾಣೆಯ ತಂಡ ನಡೆಸುವ ಕ್ಯಾಪ್ಟನ್. ಅವರನ್ನು ಕಣ್ಣಲ್ಲಿಟ್ಟುಕೊಂಡೇ ಮುಂದೆ ಓದಿ.

ಇದು ವಕೀಲರಿಗೆ ಬದಲಿ ಅಲ್ಲ. ವಕೀಲರ ಮುಂದೆ ಕೂತಾಗ ಏನು ಕೇಳಬೇಕು, ಏನು ಕೈಯಲ್ಲಿರಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಹಂತ 1: ನಿಮ್ಮ ಮಾಲೀಕರು ಯಾರು ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಸಂಬಳದ ಚೀಟಿ ತೆಗೆದು ನೋಡಿ. ಅದರಲ್ಲಿ ಯಾರ ಹೆಸರಿದೆ? ನಗರದ್ದೇ, ಕೌಂಟಿಯದೇ, ಬರೀ ಅಗ್ನಿಶಾಮಕ ಕೆಲಸಕ್ಕಂತಲೇ ಇರುವ ಫೈರ್ ಡಿಸ್ಟ್ರಿಕ್ಟ್‌ನದೇ, ಖಾಸಗಿ ಕಂಪನಿಯದೇ? ಮುಂದಿನ ಎಲ್ಲಾ ಲೆಕ್ಕ ಇದರ ಮೇಲೆ ನಿಂತಿದೆ.

ಮುಖ್ಯ ಕಾನೂನು 1964ರ ಸಿವಿಲ್ ರೈಟ್ಸ್ ಕಾಯ್ದೆಯ ಟೈಟಲ್ ಸೆವೆನ್, ಅಂದರೆ ಕೆಲಸದಲ್ಲಿ ತಾರತಮ್ಯ ಮಾಡಬಾರದು ಅನ್ನುವ ಭಾಗ. ಮೊದಲು ಇದು ಖಾಸಗಿಯವರಿಗೆ ಮಾತ್ರ ಇತ್ತು. 1972ರ ತಿದ್ದುಪಡಿಯಿಂದ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೂ ಬಂತು. ಆದರೆ ಮಾಲೀಕರ ಬಳಿ ಕನಿಷ್ಠ 15 ನೌಕರರು ಇರಬೇಕು. ಇಲಾಖೆ ನಗರದ ಭಾಗವಾಗಿದ್ದರೆ ಸಾಮಾನ್ಯವಾಗಿ ಇಡೀ ನಗರದ ನೌಕರರನ್ನು ಎಣಿಸುತ್ತಾರೆ, ಹಾಗಾಗಿ ತೊಂದರೆ ಇಲ್ಲ. ಪುಟ್ಟ ಫೈರ್ ಡಿಸ್ಟ್ರಿಕ್ಟ್‌ಗಳಲ್ಲಿ ಇಲ್ಲೇ ಎಡವುವುದು. ವಯಸ್ಸಿನ ತಾರತಮ್ಯದ ಕಾಯ್ದೆಯಲ್ಲಿ ಸರ್ಕಾರಿ ಸಂಸ್ಥೆಗೆ ನೌಕರರ ಸಂಖ್ಯೆಯ ಮಿತಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಅದು ಅರಿಜೋನಾದ ಮೌಂಟ್ ಲೆಮನ್ ಫೈರ್ ಡಿಸ್ಟ್ರಿಕ್ಟ್ ಪ್ರಕರಣ. ಅದನ್ನು ನೋಡಿ ಟೈಟಲ್ ಸೆವೆನ್‌ಗೂ ಹಾಗೇ ಅಂದುಕೊಳ್ಳಬೇಡಿ. ಇಲ್ಲಿ 15 ಅಂದರೆ 15. ಅಷ್ಟು ಜನ ಇಲ್ಲದಿದ್ದರೆ ರಾಜ್ಯದ ಕಾನೂನು ನೋಡಬೇಕು, ಹಂತ 9ಕ್ಕೆ ಹೋಗಿ.

ಸ್ವಯಂಸೇವಕರೇ? ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಸ್ವಯಂಸೇವಕರೇ. ಅವರು ನೌಕರರಲ್ಲ ಅಂತ ಇಲಾಖೆ ಮೊದಲೇ ಕೈ ತೊಳೆದುಕೊಳ್ಳಲು ನೋಡುತ್ತದೆ. ಅದನ್ನು ಕೇಳಿ ಸುಮ್ನೆ ಕೂರಬೇಡಿ. ಸಂಬಳ ಇಲ್ಲದಿದ್ದರೂ ಪಿಂಚಣಿ, ವಿಮೆ, ಗಾಯವಾದರೆ ಪರಿಹಾರ, ಸತ್ತರೆ ಕುಟುಂಬಕ್ಕೆ ಹಣ, ಇಂಥವು ಇದ್ದರೆ ಸ್ವಯಂಸೇವಕರನ್ನೂ ನೌಕರರೆಂದು ನೋಡಬಹುದು ಅಂತ ಕೆಲವು ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. ನ್ಯೂಯಾರ್ಕ್ ರಾಜ್ಯದ ಫಾರ್ಮಿಂಗ್‌ವಿಲ್ ಫೈರ್ ಡಿಸ್ಟ್ರಿಕ್ಟ್ ಪ್ರಕರಣ (1999) ಇದಕ್ಕೆ ಹೆಸರಾದದ್ದು. ಆದ್ದರಿಂದ ಸಿಗುವ ಸೌಲಭ್ಯಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಡಿ.

ಕೇಂದ್ರ ಸರ್ಕಾರದ ಕೆಲಸವಾದರೆ, ಉದಾಹರಣೆಗೆ ಫಾರೆಸ್ಟ್ ಸರ್ವಿಸ್‌ನ ಕಾಡ್ಗಿಚ್ಚು ಪಡೆ ಅಥವಾ ಸೇನಾ ನೆಲೆಯ ಠಾಣೆ, ದಾರಿಯೇ ಬೇರೆ. ಘಟನೆ ನಡೆದ 45 ದಿನದೊಳಗೆ ನಿಮ್ಮ ಏಜೆನ್ಸಿಯ ಇಇಒ ಕೌನ್ಸೆಲರ್ (ತಾರತಮ್ಯದ ದೂರು ಕೇಳುವ ಅಧಿಕಾರಿ) ಅವರನ್ನು ಸಂಪರ್ಕಿಸಬೇಕು. 45 ದಿನ ಅಂದರೆ ಒಂದು ಬೇಸಿಗೆ ಮುಗಿಯುವಷ್ಟೂ ಹೊತ್ತಲ್ಲ. ಈ ಗುಂಪಿನವರು ಉಳಿದದ್ದನ್ನು ಆಮೇಲೆ ಓದಿ, ಮೊದಲು ಫೋನ್ ಮಾಡಿ.

ಹಂತ 2: ನಡೆದದ್ದು ಕಾನೂನಿನ ಕಣ್ಣಲ್ಲಿ ಕಿರುಕುಳವೇ?

ಎರಡು ಬಗೆ ಇದೆ. ಒಂದು, ‘ನಾನು ಹೇಳಿದ ಹಾಗೆ ಕೇಳದಿದ್ದರೆ ನಿನ್ನ ಕೆಲಸ ಹೋಗುತ್ತದೆ’ ಅನ್ನುವುದು ಮತ್ತು ಹಾಗೇ ಮಾಡಿ ತೋರಿಸುವುದು. ಇನ್ನೊಂದು, ದಿನದಿನದ ಮಾತು, ಮುಟ್ಟುವಿಕೆ, ಚಿತ್ರ, ಕೀಟಲೆಗಳಿಂದ ಠಾಣೆಯನ್ನೇ ಇರಲಾಗದ ಜಾಗ ಮಾಡುವುದು. ಎರಡನೆಯದೂ ತಾರತಮ್ಯವೇ ಅಂತ ಸುಪ್ರೀಂ ಕೋರ್ಟ್ 1986ರ ಮೆರಿಟರ್ ಬ್ಯಾಂಕ್ ತೀರ್ಪಿನಲ್ಲಿ ಒಪ್ಪಿತು. ಅಗ್ನಿಶಾಮಕ ಠಾಣೆಯ ಪ್ರಕರಣಗಳಲ್ಲಿ ಹೆಚ್ಚಿನವು ಈ ಎರಡನೇ ಬಗೆಯವು.

ಅಳತೆ ಏನು? ನಡೆದದ್ದು ತೀವ್ರವಾಗಿರಬೇಕು, ಇಲ್ಲವೇ ಪದೇ ಪದೇ ನಡೆದಿರಬೇಕು. ಎರಡರಲ್ಲಿ ಒಂದು ಸಾಕು. ಒಂದೇ ಒಂದು ಲೈಂಗಿಕ ಹಲ್ಲೆಯೂ ಸಾಕಾಗಬಹುದು. ಅದೇ ಒಂದು ಕೆಟ್ಟ ಜೋಕ್ ಸಾಲದು. ಎಷ್ಟು ಸಲ ನಡೆಯಿತು, ಎಷ್ಟು ಗಂಭೀರ, ಬೆದರಿಕೆಯೋ ಅವಮಾನವೋ ಇತ್ತೇ, ಕೆಲಸಕ್ಕೆ ಅಡ್ಡಿಯಾಯಿತೇ ಅಂತ ಒಟ್ಟಿಗೆ ತೂಗಬೇಕು ಅಂತ 1993ರ ಹ್ಯಾರಿಸ್ ತೀರ್ಪು ಹೇಳಿತು. ಮನಸ್ಸು ಕುಸಿದು ಆಸ್ಪತ್ರೆ ಸೇರುವ ತನಕ ಕಾಯಬೇಕಿಲ್ಲ ಅಂತಲೂ ಅಲ್ಲೇ ಹೇಳಿದೆ.

‘ಇಲ್ಲಿ ಎಲ್ಲರಿಗೂ ಹೀಗೇ, ಹೊಸಬರನ್ನು ಹೀಗೇ ಪಳಗಿಸುವುದು’ ಅನ್ನುವ ಮಾತು ನೀವು ಖಂಡಿತ ಕೇಳುತ್ತೀರಿ. ಪ್ರೊಬೇಶನ್‌ನಲ್ಲಿರುವ ಹೊಸಬರಿಗೆ, ಅವರ ಭಾಷೆಯಲ್ಲಿ ‘ಪ್ರೊಬಿ’ಗೆ, ಪಾತ್ರೆ ತೊಳೆಸುವುದು, ಎಲ್ಲರಿಗಿಂತ ಮೊದಲು ಏಳಿಸುವುದು ಕಿರುಕುಳ ಅಲ್ಲ. ಹೊಸಬಳು ಹೆಣ್ಣು ಅನ್ನುವ ಕಾರಣಕ್ಕೇ ಬೇರೆ ನಡೆಸಿಕೊಂಡರೆ, ಕಾಟಕ್ಕೆ ಲೈಂಗಿಕ ಬಣ್ಣ ಬಂದರೆ, ಮಾತು ಬೇರೆ. ಗಂಡಸರು ಗಂಡಸಿಗೆ ಕೊಟ್ಟರೂ ಕಿರುಕುಳವೇ. ಸಮುದ್ರದ ನಡುವೆ ಎಣ್ಣೆ ಬಾವಿಯ ವೇದಿಕೆಯಲ್ಲಿ ಬರೀ ಗಂಡಸರೇ ಇದ್ದ 8 ಜನರ ತಂಡದಲ್ಲಿ ನಡೆದ ಘಟನೆಯ ಮೇಲೆ, 1998ರ ಓಂಕಾಲಿ ತೀರ್ಪು ಇದನ್ನು ಹೇಳಿತು.

ಕಿರುಕುಳ ಮೇಲಿನಿಂದಲೇ ಬರಬೇಕು ಅಂತಲೂ ಇಲ್ಲ. ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ನಗರದ ಒಂದು ಪ್ರಕರಣದಲ್ಲಿ ಮಹಿಳಾ ಲೆಫ್ಟಿನೆಂಟ್ ಒಬ್ಬರಿಗೆ ಕೈಕೆಳಗಿನವರಿಂದಲೂ ಕಿರುಕುಳವಾಗಿತ್ತು. ಜ್ಯೂರಿ ನಗರವನ್ನು ಹೊಣೆ ಮಾಡಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಹಂತ 3: ಕೊಟ್ಟವರ ಅಧಿಕಾರ ಎಷ್ಟು?

ಇದೇ ಮಾರ್ಗದರ್ಶಿಯ ನಡುಗಂಬ. ನಿಧಾನವಾಗಿ ಓದಿ.

ಮೇಲಿನಿಂದ ಕೆಳಗೆ ಬರೋಣ. ಇಡೀ ಇಲಾಖೆಯ ಮುಖ್ಯಸ್ಥರಾದ ಚೀಫ್ ಅವರೇ ಕಿರುಕುಳ ಕೊಟ್ಟರೆ, ಅವರ ಸ್ಥಾನ ಎಷ್ಟು ಎತ್ತರದ್ದು ಅಂದರೆ ಅವರು ಮಾಡಿದ್ದು ಸಂಸ್ಥೆಯೇ ಮಾಡಿದ ಹಾಗೆ ಅಂತ ನ್ಯಾಯಾಲಯ ನೋಡಬಹುದು. ಆಗ ಇಲಾಖೆಗೆ ತಪ್ಪಿಸಿಕೊಳ್ಳುವ ವಾದ ಇಲ್ಲ.

ಮೇಲಧಿಕಾರಿ ಕಿರುಕುಳ ಕೊಟ್ಟು, ಅದರ ಜೊತೆಗೆ ನೌಕರಿಗೆ ಪೆಟ್ಟು ಬೀಳುವಂಥ ಅಧಿಕೃತ ಕ್ರಮವನ್ನೂ ತೆಗೆದುಕೊಂಡರೆ, ಅಂದರೆ ವಜಾ, ಬಡ್ತಿ ತಪ್ಪಿಸುವುದು, ಹಿಂಬಡ್ತಿ, ಕೆಲಸದ ಸ್ವರೂಪವೇ ಬದಲಾಗುವ ವರ್ಗಾವಣೆ, ಆಗಲೂ ಇಲಾಖೆ ನೇರ ಹೊಣೆ. ‘ನಮಗೆ ಗೊತ್ತಿರಲಿಲ್ಲ’ ಅನ್ನುವುದು ನಡೆಯುವುದಿಲ್ಲ.

ಮೇಲಧಿಕಾರಿ ಕಿರುಕುಳ ಕೊಟ್ಟರು, ಆದರೆ ಅಂಥ ಕ್ರಮ ಏನೂ ಆಗಲಿಲ್ಲ ಅಂತಿಟ್ಟುಕೊಳ್ಳಿ. ಆಗಲೂ ಇಲಾಖೆ ಹೊಣೆಯೇ, ಆದರೆ ಒಂದು ಬಾಗಿಲು ತೆರೆದಿರುತ್ತದೆ. ಎರಡು ಮಾತನ್ನು ಸಾಬೀತು ಮಾಡಿದರೆ ಇಲಾಖೆ ಪಾರಾಗುತ್ತದೆ. ಒಂದು, ಕಿರುಕುಳ ತಡೆಯಲು, ತಿದ್ದಲು ತಾನು ಸರಿಯಾಗಿ ಪ್ರಯತ್ನಪಟ್ಟೆ. ಎರಡು, ಇದ್ದ ವ್ಯವಸ್ಥೆಯನ್ನು ನೊಂದವರು ಸರಿಯಾದ ಕಾರಣವಿಲ್ಲದೆ ಬಳಸಿಕೊಳ್ಳಲಿಲ್ಲ. ಎರಡೂ ಬೇಕು. ಸಾಬೀತು ಮಾಡುವ ಭಾರ ಇಲಾಖೆಯ ಮೇಲೆ. ವಕೀಲರು ಇದನ್ನು ಫ್ಯಾರಗರ್–ಎಲ್ಲರ್ತ್ ವಾದ ಅನ್ನುತ್ತಾರೆ. 1998ರ ಜೂನ್ 26ರಂದು ಒಂದೇ ದಿನ ಬಂದ ಎರಡು ತೀರ್ಪುಗಳ ಹೆಸರು ಅವು.

ಜೊತೆ ಕೆಲಸಗಾರರು ಕೊಟ್ಟರೆ, ಇಲಾಖೆಗೆ ಗೊತ್ತಿತ್ತು ಅಥವಾ ಗೊತ್ತಾಗಬೇಕಿತ್ತು, ಆದರೂ ತಕ್ಕ ಕ್ರಮ ಕೈಗೊಳ್ಳಲಿಲ್ಲ ಅಂತ ನೀವು ತೋರಿಸಬೇಕು. ಭಾರ ನಿಮ್ಮ ಮೇಲೆ ಬಂತು, ನೋಡಿ. ಹೊರಗಿನವರು ಕೊಟ್ಟರೂ, ಉದಾಹರಣೆಗೆ ಠಾಣೆಯ ಆಂಬ್ಯುಲೆನ್ಸ್‌ಗೆ ಮತ್ತೆ ಮತ್ತೆ ಕರೆ ಮಾಡಿ ಕೈ ಹಾಕುವ ಅದೇ ರೋಗಿ, ಹೆಚ್ಚಿನ ನ್ಯಾಯಾಲಯಗಳಲ್ಲಿ ಹೆಚ್ಚುಕಡಿಮೆ ಇದೇ ಅಳತೆ.

ಈಗ ಕ್ಯಾಪ್ಟನ್‌ಗೆ ಬನ್ನಿ. ಅವರು ಮೇಲಧಿಕಾರಿಯೋ, ಜೊತೆ ಕೆಲಸಗಾರರೋ?

ಠಾಣೆಯಲ್ಲಿ ಇರುವವರನ್ನು ಕೇಳಿದರೆ ನಗುತ್ತಾರೆ. ಯಾರು ಯಾವ ವಾಹನಕ್ಕೆ, ಯಾರು ಮೆದುಗೊಳವೆ ಹಿಡಿಯಬೇಕು, ಯಾರು ಕಕ್ಕಸು ತೊಳೆಯಬೇಕು, ಎಲ್ಲಾ ಅವರದೇ ಮಾತು. ಬೆಂಕಿಯ ಮುಂದೆ ಅವರ ಮಾತು ಮೀರುವ ಹಾಗೇ ಇಲ್ಲ. ಆದರೆ 2013ರ ವ್ಯಾನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಹೇಳಿದ್ದು ಬೇರೆ. ನೇಮಕ, ವಜಾ, ಬಡ್ತಿ, ಮುಖ್ಯವಾದ ವರ್ಗಾವಣೆ, ಇಂಥ ಅಧಿಕಾರವನ್ನು ಮಾಲೀಕರು ಕೊಟ್ಟಿದ್ದರೆ ಮಾತ್ರ ಟೈಟಲ್ ಸೆವೆನ್ ಪ್ರಕಾರ ಮೇಲಧಿಕಾರಿ. ದಿನದ ಕೆಲಸ ಹಂಚುವುದು ಸಾಲದು. ಬಹಳ ನಗರಗಳಲ್ಲಿ ಆ ಅಧಿಕಾರ ಚೀಫ್ ಬಳಿ, ಸಿವಿಲ್ ಸರ್ವಿಸ್ ಆಯೋಗದ ಬಳಿ ಅಥವಾ ನಗರದ ಮ್ಯಾನೇಜರ್ ಬಳಿ ಇರುತ್ತದೆ. ಹೀಗಾಗಿ 24 ಗಂಟೆ ನಿಮ್ಮನ್ನು ಆಳುವ ಕ್ಯಾಪ್ಟನ್ ಕಾನೂನಿನ ಲೆಕ್ಕದಲ್ಲಿ ಬರೀ ಜೊತೆ ಕೆಲಸಗಾರ ಆಗಿಬಿಡಬಹುದು. ಅಗ್ನಿಶಾಮಕದಂಥ ಕೆಲಸಕ್ಕೆ ಈ ಅಳತೆ ಸರಿಹೋಗುವುದಿಲ್ಲ ಅಂತ ನನಗನಿಸುತ್ತದೆ. ಆದರೆ ಇರುವ ಕಾನೂನು ಇದು.

ಅದೇ ತೀರ್ಪಿನಲ್ಲಿ ಒಂದು ಸಂದಿಯೂ ಇದೆ. ಸಹಿ ಹಾಕುವವರು ಕೆಳಗಿನವರ ಶಿಫಾರಸನ್ನೇ ನಂಬಿ ಸಹಿ ಹಾಕುತ್ತಿದ್ದರೆ, ಆ ಅಧಿಕಾರವನ್ನು ಕೆಳಗಿನವರಿಗೇ ಕೊಟ್ಟ ಹಾಗೆ ಅಂತ ವಾದಿಸಬಹುದು. ಒಂದು ಉದಾಹರಣೆ ಮಾಡಿಕೊಳ್ಳೋಣ. ಪ್ರೊಬಿಯ ತಿಂಗಳ ವರದಿ ಬರೆಯುವವರು ಕ್ಯಾಪ್ಟನ್. ‘ಮುಂದುವರಿಸಬಹುದು’ ಅಥವಾ ‘ಬೇಡ’ ಅಂತ ಕೊನೆಯ ಪುಟದಲ್ಲಿ ಗುರುತು ಹಾಕುವವರೂ ಅವರೇ. ಚೀಫ್ ಆ ಪ್ರೊಬಿಯನ್ನು ನೋಡಿಯೂ ಇಲ್ಲ. ಕೆಲವು ವರ್ಷಗಳಿಂದ ಕ್ಯಾಪ್ಟನ್ ಬರೆದದ್ದಕ್ಕೆ ವಿರುದ್ಧವಾಗಿ ಚೀಫ್ ಒಂದು ಸಲವೂ ಹೋಗಿಲ್ಲ. ಆ ಹಳೇ ವರದಿಗಳೇ ನಿಮ್ಮ ಪುರಾವೆ. ವಕೀಲರಿಗೆ ಇದನ್ನು ಮರೆಯದೆ ಹೇಳಿ. ಹುದ್ದೆಯ ಹೆಸರಿಗಿಂತ, ನಿಜವಾಗಿ ನಿರ್ಧಾರ ಯಾರದು ಅನ್ನುವುದು ಮುಖ್ಯ.

ಹಂತ 4: ಇಲಾಖೆಗೆ ಯಾವಾಗ ಗೊತ್ತಾಯಿತು?

ಕ್ಯಾಪ್ಟನ್ ಮೇಲಧಿಕಾರಿ ಅಲ್ಲ ಅಂತಾದರೂ ಕಥೆ ಮುಗಿಯಲಿಲ್ಲ. ಅವರಿಗೆ ಗೊತ್ತಾದದ್ದು ಇಲಾಖೆಗೆ ಗೊತ್ತಾದ ಹಾಗೆಯೇ? ಇಲಾಖೆಯ ನೀತಿಪುಸ್ತಕ ತೆರೆದು ನೋಡಿ. ‘ಕಿರುಕುಳ ಕಂಡರೆ, ಕೇಳಿದರೆ ಅಧಿಕಾರಿಗಳು ಕೂಡಲೇ ಮೇಲಕ್ಕೆ ತಿಳಿಸಬೇಕು’ ಅನ್ನುವ ಸಾಲು ಹುಡುಕಿ. ಬಹಳ ಇಲಾಖೆಗಳಲ್ಲಿ ಇಂಥ ಸಾಲು ಇರುತ್ತದೆ. ಇದ್ದರೆ, ಕ್ಯಾಪ್ಟನ್ ಅಡುಗೆಮನೆಯ ಮೇಜಿನ ಹತ್ತಿರ ಕೂತು ಕೇಳಿಸಿಕೊಂಡದ್ದು ಇಲಾಖೆಯ ಕಿವಿಗೆ ಬಿದ್ದ ಹಾಗೆ ಅಂತ ವಾದಿಸಲು ಗಟ್ಟಿ ನೆಲ ಸಿಕ್ಕಿತು. ಅದೇ ಸಾಲಿನ ಕೆಳಗೆ ಗೆರೆ ಎಳೆದು, ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಇದು ಯಾಕೆ ಮುಖ್ಯ ಅಂತ ತಿಳಿಯಲು ಫ್ಯಾರಗರ್ ಪ್ರಕರಣವನ್ನೇ ನೋಡಬೇಕು. ಅದು ಬೆಂಕಿಯವರದಲ್ಲ, ಫ್ಲಾರಿಡಾದ ಬೋಕಾ ರಟೋನ್ ನಗರದ ಜೀವರಕ್ಷಕರದು. ಆದರೆ ಓದಿದರೆ ಠಾಣೆಯೇ ಕಣ್ಣಮುಂದೆ ಬರುತ್ತದೆ. ಕಡಲತೀರದಲ್ಲಿ ಒಂದೇ ಅಂತಸ್ತಿನ ಸಣ್ಣ ಕಟ್ಟಡ, ಗಂಡು ಹೆಣ್ಣು ಎಲ್ಲರಿಗೂ ಸೇರಿ ಬಟ್ಟೆ ಬದಲಿಸುವ ಒಂದೇ ಕೋಣೆ, ಅಲ್ಲೇ ಸ್ನಾನದ ಜಾಗ. ಲೆಫ್ಟಿನೆಂಟ್, ಕ್ಯಾಪ್ಟನ್, ಮೇಲೊಬ್ಬ ಚೀಫ್ ಅನ್ನುವ ಸರಪಳಿ. ಮೊಕದ್ದಮೆ ಹಾಕಿದ ಫ್ಯಾರಗರ್ ಕಾಲೇಜಿಗೆ ಹೋಗುತ್ತಲೇ 1985ರಿಂದ 1990ರವರೆಗೆ ಅಲ್ಲಿ ದುಡಿದಳು. ‘ನನ್ನ ಜೊತೆ ಬಾ, ಇಲ್ಲಾಂದ್ರೆ ಒಂದು ವರ್ಷ ಕಕ್ಕಸು ತೊಳಿ’ ಅಂತ ಮೇಲಿನವರೊಬ್ಬರು ಆಕೆಗೆ ಹೇಳಿದ್ದು ದಾಖಲೆಯಲ್ಲಿದೆ. ಇನ್ನೊಬ್ಬ ಅಧಿಕಾರಿಯ ಹತ್ತಿರ ಆಕೆ ಇದನ್ನು ಹೇಳಿಕೊಂಡಳು. ಅವರು ಕೇಳಿಸಿಕೊಂಡರು, ಮೇಲಕ್ಕೆ ಮುಟ್ಟಿಸಲಿಲ್ಲ.

ನಗರದ ಬಳಿ ಕಿರುಕುಳ ವಿರೋಧಿ ನೀತಿ ಇರಲಿಲ್ಲವೇ? ಇತ್ತು, 1986ರಿಂದಲೇ. ಆದರೆ ಕಡಲತೀರದ ಸಿಬ್ಬಂದಿಗೆ ಅದನ್ನು ಹಂಚಿರಲಿಲ್ಲ. ಮೇಲಿನವರನ್ನು ದಾಟಿ ದೂರು ಕೊಡಬಹುದು ಅನ್ನುವ ಭರವಸೆಯೂ ಅದರಲ್ಲಿರಲಿಲ್ಲ. ಸುಪ್ರೀಂ ಕೋರ್ಟ್ ನಗರವನ್ನು ಹೊಣೆ ಮಾಡಿತು. ಹಾಗಾಗಿ ಇಲಾಖೆ ನೀತಿಪುಸ್ತಕ ಎತ್ತಿ ತೋರಿಸಿದರೆ ನೀವು ಕೇಳಬೇಕಾದದ್ದು: ನನಗೆ ಯಾವಾಗ ಕೊಟ್ಟಿರಿ? ನನ್ನ ಸಹಿ ಎಲ್ಲಿದೆ? ಕ್ಯಾಪ್ಟನ್ ಮೇಲೇ ದೂರಿದ್ದರೆ ಯಾರಿಗೆ ಕೊಡಬೇಕು ಅಂತ ಬರೆದಿದೆಯೇ?

ಹಂತ 5: ದೂರು ಕೊಡಿ, ಬರಹದಲ್ಲಿ ಕೊಡಿ

ಮೇಲಿನ ಎರಡೂ ಹಂತ ಇಲ್ಲಿ ಕೂಡುತ್ತವೆ. ಜೊತೆ ಕೆಲಸಗಾರರ ಕಿರುಕುಳವಾದರೆ ಇಲಾಖೆಗೆ ಗೊತ್ತಿತ್ತು ಅಂತ ತೋರಿಸಲು ದೂರು ಬೇಕು. ಮೇಲಧಿಕಾರಿಯದಾದರೆ ‘ಇವರು ನಮಗೆ ಹೇಳಲೇ ಇಲ್ಲ’ ಅನ್ನುವ ಬಾಗಿಲು ಮುಚ್ಚಲು ದೂರು ಬೇಕು. ಭಯವಾಗುತ್ತದೆ ಅನ್ನುವ ಒಂದೇ ಕಾರಣವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಟುವಾದ ಮಾತು, ಆದರೆ ಗೊತ್ತಿರಬೇಕು. ಮೊದಲು ದೂರು ಕೊಟ್ಟವರಿಗೆ ಏನು ಗತಿಯಾಯಿತು ಅಂತ ತೋರಿಸಿದರೆ ಕೇಳುತ್ತಾರೆ.

ಠಾಣೆಯ ಸರಪಳಿ ಹಿಡಿದೇ ಹೋಗಬೇಕು ಅನ್ನುವ ಅಭ್ಯಾಸ ಬೆಂಕಿಯ ಕೆಲಸದಲ್ಲಿ ರಕ್ತದಲ್ಲೇ ಇರುತ್ತದೆ. ದೂರಿನ ವಿಷಯದಲ್ಲಿ ಅದನ್ನು ಬದಿಗಿಡಿ. ನೀತಿಯಲ್ಲಿ ನಗರದ ಎಚ್‌ಆರ್ ವಿಭಾಗದ ಹೆಸರಿದ್ದರೆ ನೇರ ಅಲ್ಲಿಗೇ ಕಳಿಸಿ. ಬಾಯಲ್ಲಿ ಹೇಳಿದ್ದರೆ ಅದೇ ದಿನ ಒಂದು ಇಮೇಲ್ ಹಾಕಿ. ಉದ್ದ ಬೇಡ. ಹೀಗಿದ್ದರೆ ಸಾಕು:

‘ಮಾರ್ಚ್ 4ರ ಪಾಳಿಯಲ್ಲಿ ರಾತ್ರಿ ಸುಮಾರು 11ಕ್ಕೆ, ಮಲಗುವ ಕೋಣೆಯ ಬಾಗಿಲಲ್ಲಿ, ಇಂಥವರು ನನಗೆ ಹೀಗೆ ಹೇಳಿದರು. (ಅವರದೇ ಮಾತು ಬರೆಯಿರಿ.) ಇಂಥವರು ಪಕ್ಕದಲ್ಲಿದ್ದರು. ಜನವರಿಯಿಂದ ಇದು ಹೀಗೇ ನಡೆಯುತ್ತಿದೆ. ಫೆಬ್ರವರಿ 10ರಂದು ಕ್ಯಾಪ್ಟನ್‌ಗೆ ಹೇಳಿದ್ದೆ. ಇದು ಲೈಂಗಿಕ ಕಿರುಕುಳ ಅಂತ ನಾನು ದೂರು ಕೊಡುತ್ತಿದ್ದೇನೆ. ನಿಲ್ಲಿಸಲು ಏನು ಮಾಡುತ್ತೀರಿ ಅಂತ ಬರಹದಲ್ಲಿ ತಿಳಿಸಿ.’

‘ಲೈಂಗಿಕ ಕಿರುಕುಳ’ ಅನ್ನುವ ಮಾತನ್ನು ಬಿಡಬೇಡಿ. ‘ಠಾಣೆಯಲ್ಲಿ ವಾತಾವರಣ ಸರಿ ಇಲ್ಲ’ ಅಂತ ಬರೆದರೆ, ಆಮೇಲೆ ‘ಏನೋ ಜಗಳ ಅಂದುಕೊಂಡೆವು’ ಅನ್ನುತ್ತಾರೆ.

ನಡೆದದ್ದು ಲೈಂಗಿಕ ಹಲ್ಲೆಯಾಗಿದ್ದರೆ ಅದು ಅಪರಾಧ. ಪೊಲೀಸರ ಬಳಿ ಹೋಗಲು ಇಲಾಖೆಯ ಒಪ್ಪಿಗೆ ಬೇಕಿಲ್ಲ.

ಹಂತ 6: ಪುರಾವೆ

ಟಿಪ್ಪಣಿಯನ್ನು ಮನೆಯಲ್ಲಿಡಿ. ಠಾಣೆಯ ಕಂಪ್ಯೂಟರ್, ಇಲಾಖೆಯ ಫೋನ್ ಬೇಡ, ಅವು ಅವರ ಸ್ವತ್ತು. ಗುಂಪಿನ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ದಿನಾಂಕ ಕಾಣುವ ಹಾಗೆ ತೆಗೆಯಿರಿ. ಠಾಣೆಯಲ್ಲಿ ಒಂದು ಅನುಕೂಲ ಇದೆ: ಪಾಳಿ ಪಟ್ಟಿ, ಠಾಣೆಯ ದಿನಚರಿ, ಕರೆಗಳ ದಾಖಲೆ, ಎಲ್ಲಕ್ಕೂ ಗಂಟೆ ನಿಮಿಷ ಇರುತ್ತದೆ. ‘ಆ ರಾತ್ರಿ ನಾನು ಅಲ್ಲಿರಲೇ ಇಲ್ಲ’ ಅಂದವರ ಬಾಯಿ ಮುಚ್ಚಿಸಲು ಪಾಳಿ ಪಟ್ಟಿಯೊಂದೇ ಸಾಕು. ನಗರ, ಕೌಂಟಿಗಳ ದಾಖಲೆಗಳನ್ನು ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನಡಿ ಕೇಳಿ ಪಡೆಯಲೂಬಹುದು.

ಎರಡು ಎಚ್ಚರಿಕೆ. ಆಂಬ್ಯುಲೆನ್ಸ್ ಕರೆಯ ದಾಖಲೆಯಲ್ಲಿ ರೋಗಿಗಳ ವಿವರ ಇರುತ್ತದೆ, ಅದನ್ನು ನೀವೇ ನಕಲು ಮಾಡಿಕೊಂಡರೆ ನಿಮ್ಮ ಮೇಲೇ ಕ್ರಮ ಬರುತ್ತದೆ. ಗುಟ್ಟಾಗಿ ಧ್ವನಿ ಮುದ್ರಿಸುವುದು ಕೆಲವು ರಾಜ್ಯಗಳಲ್ಲಿ ಸರಿ. ಕ್ಯಾಲಿಫೋರ್ನಿಯಾದಂಥ ಕಡೆ ಖಾಸಗಿ ಮಾತುಕತೆಯಾದರೆ ಎಲ್ಲರ ಒಪ್ಪಿಗೆ ಬೇಕು. ಕೇಳದೆ ಮಾಡಬೇಡಿ.

ಹಂತ 7: ಗಡುವು

ಟೈಟಲ್ ಸೆವೆನ್‌ನಡಿ ಕೋರ್ಟ್‌ಗೆ ಹೋಗುವ ಮೊದಲು ಕೆಲಸದಲ್ಲಿನ ತಾರತಮ್ಯದ ದೂರು ನೋಡುವ ಇಇಒಸಿ ಅನ್ನುವ ಕೇಂದ್ರ ಆಯೋಗಕ್ಕೆ ದೂರು ಸಲ್ಲಿಸಬೇಕು. ಗಡುವು 180 ದಿನ. ರಾಜ್ಯದಲ್ಲೂ ಇಂಥದೇ ಸಂಸ್ಥೆ ಇದ್ದರೆ 300 ದಿನ, ಹೆಚ್ಚಿನ ರಾಜ್ಯಗಳಲ್ಲಿ ಇದೆ.

ನೌಕರರ ಒಕ್ಕೂಟಕ್ಕೆ (ಯೂನಿಯನ್‌ಗೆ) ಅಹವಾಲು ಕೊಟ್ಟಿದ್ದೀನಿ, ಎಚ್‌ಆರ್ ತನಿಖೆ ನಡೀತಿದೆ, ಅದು ಮುಗಿಯಲಿ ಅಂತ ಕಾಯುವವರು ಬಹಳ. ಗಡಿಯಾರ ನಿಲ್ಲುವುದಿಲ್ಲ. ಒಕ್ಕೂಟದ ಅಹವಾಲಿನಿಂದ ಗಡುವು ಮುಂದಕ್ಕೆ ಹೋಗದು ಅಂತ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಎರಡೂ ಜೊತೆಜೊತೆಗೆ ನಡೆಯಲಿ.

ದಿನದಿನದ ಕಿರುಕುಳವಾದರೆ ಒಂದು ಸಮಾಧಾನ ಇದೆ. ಆ ಸರಣಿಯ ಒಂದು ಘಟನೆ ಗಡುವಿನೊಳಗೆ ಬಿದ್ದರೂ ಹಳೆಯವನ್ನೂ ಸೇರಿಸಿ ನೋಡಬಹುದು (ಮಾರ್ಗನ್ ತೀರ್ಪು, 2002). ವಜಾ, ಬಡ್ತಿ ತಪ್ಪಿಸಿದ್ದು ಹಾಗಲ್ಲ. ಒಂದೊಂದಕ್ಕೂ ಅದರದೇ ಗಡುವು.

ಮಾಲೀಕರು ಸ್ಥಳೀಯ ಸರ್ಕಾರವಾದ್ದರಿಂದ ಇಇಒಸಿ ತಾನೇ ಅವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ, ಆ ಅಧಿಕಾರ ಕೇಂದ್ರದ ನ್ಯಾಯ ಇಲಾಖೆಗಿದೆ. ಸಾಮಾನ್ಯವಾಗಿ ನೀವೇ ಹಾಕುತ್ತೀರಿ. ಮೊಕದ್ದಮೆ ಹಾಕಬಹುದು ಅನ್ನುವ ಪತ್ರ ಕೈಗೆ ಬಂದ ದಿನದಿಂದ 90 ದಿನ. ಲಕೋಟೆಯನ್ನೂ ಇಟ್ಟುಕೊಳ್ಳಿ.

ಹಂತ 8: ಸೇಡು ತೀರಿಸಿಕೊಂಡರೆ

ಮೂಲ ದೂರು ಸೋತರೂ ಸೇಡಿನ ದೂರು ಗೆಲ್ಲಬಹುದು. ಇದು ಇಲಾಖೆಗಳಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಮತ್ತೆ ಮತ್ತೆ ಇದರಲ್ಲೇ ಬೀಳುತ್ತವೆ. ದೂರು ಕೊಡಲು ಸಾಮಾನ್ಯ ನೌಕರರು ಹಿಂಜರಿಯುವಂಥ ಯಾವ ಪೆಟ್ಟೂ ಸೇಡೇ ಅಂತ 2006ರ ಬರ್ಲಿಂಗ್ಟನ್ ನಾರ್ದರ್ನ್ ತೀರ್ಪು ಹೇಳಿತು. ಠಾಣೆಯ ಲೆಕ್ಕದಲ್ಲಿ: ಓವರ್‌ಟೈಮ್ ಪಟ್ಟಿಯಿಂದ ಹೆಸರು ಬಿಡುವುದು, ಕರೆಗಳೇ ಇಲ್ಲದ ಠಾಣೆಗೆ ಎತ್ತಂಗಡಿ, ತರಬೇತಿ ತಪ್ಪಿಸುವುದು. ಬೆಂಕಿಯೊಳಗೆ ಜೊತೆ ಬರದೆ ಬಿಟ್ಟರೆ ಅದು ಜೀವದ ಪ್ರಶ್ನೆ, ಅದೇ ದಿನ ಬರಹದಲ್ಲಿ ದೂರು ಹೋಗಬೇಕು.

ದೂರು ಕೊಟ್ಟವರನ್ನೇ ಬೇರೆ ಠಾಣೆಗೆ ಕಳಿಸಿ ‘ನಿಮ್ಮ ಒಳ್ಳೇದಕ್ಕೇ’ ಅನ್ನುವುದು ಬಹಳ ಕೇಳಿಬರುವ ಮಾತು. ನೀವಾಗಿ ಕೇಳಿರದಿದ್ದರೆ ಒಪ್ಪಿ ಸಹಿ ಹಾಕಬೇಡಿ. ಸಾಕ್ಷಿ ಹೇಳಿದವರಿಗೂ ರಕ್ಷಣೆ ಇದೆ. ತಾವಾಗಿ ದೂರು ಕೊಡದೆ, ಒಳಗಿನ ತನಿಖೆಯಲ್ಲಿ ಕೇಳಿದ್ದಕ್ಕೆ ಉತ್ತರಿಸಿದವರಿಗೂ ಇದೆ (ಕ್ರಾಫರ್ಡ್ ತೀರ್ಪು, 2009). ಪಕ್ಕದ ಹಾಸಿಗೆಯವರು ಮಾತಾಡಲು ಹೆದರುತ್ತಿದ್ದರೆ ಅವರಿಗೆ ಇದನ್ನು ತಿಳಿಸಿ.

ಹಂತ 9: ಬೇರೆ ದಾರಿಗಳು

ಟೈಟಲ್ ಸೆವೆನ್ ಒಂದೇ ಅಲ್ಲ. ಎಷ್ಟೋ ಸಲ ರಾಜ್ಯದ ಕಾನೂನು ಇದಕ್ಕಿಂತ ಗಟ್ಟಿ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ನೌಕರರಿದ್ದರೂ ಕಿರುಕುಳದ ಕಾನೂನು ಅನ್ವಯ. ಸ್ವಯಂಸೇವಕರಿಗೂ ರಕ್ಷಣೆ. ದಿನದ ಕೆಲಸವನ್ನು ತಮ್ಮ ವಿವೇಚನೆಯಿಂದ ನಡೆಸುವವರೂ ಅಲ್ಲಿ ಮೇಲಧಿಕಾರಿಗಳೇ. ಅದೇ ಕ್ಯಾಪ್ಟನ್, ಅದೇ ಠಾಣೆ, ಆದರೆ ಕಾನೂನು ಬದಲಾದ ಕೂಡಲೇ ಉತ್ತರ ತಿರುಗಿಬಿತ್ತು. ನ್ಯೂಯಾರ್ಕ್ 2019ರಲ್ಲಿ ‘ತೀವ್ರ ಅಥವಾ ಪದೇ ಪದೇ’ ಅನ್ನುವ ಅಳತೆಯನ್ನೇ ತನ್ನ ಕಾನೂನಿನಿಂದ ತೆಗೆದುಹಾಕಿತು. ಹಾಗಾಗಿ ವಕೀಲರಿಗೆ ಕೇಳುವ ಮೊದಲ ಪ್ರಶ್ನೆ ‘ನಮ್ಮ ರಾಜ್ಯದ ಕಾನೂನು ಏನು ಹೇಳುತ್ತದೆ’ ಅಂತಲೇ ಇರಲಿ. ಕೆಲವು ರಾಜ್ಯಗಳಲ್ಲಿ ನಗರದ ಮೇಲೆ ಕೆಲವು ಬಗೆಯ ಮೊಕದ್ದಮೆಗೆ ಮೊದಲೇ ನೋಟಿಸ್ ಕೊಡಬೇಕು, ಅದರ ಗಡುವು ತೀರಾ ಕಡಿಮೆ ಇರಬಹುದು.

ಸರ್ಕಾರಿ ನೌಕರರಿಗೆ ಇನ್ನೊಂದು ದಾರಿ ಸೆಕ್ಷನ್ 1983 ಅನ್ನುವ ಕೇಂದ್ರ ಕಾನೂನು (1983 ಇಸವಿಯಲ್ಲ, ಕಲಮಿನ ಸಂಖ್ಯೆ). ಸಂವಿಧಾನದ ಸಮಾನತೆಯ ಹಕ್ಕು ಮುರಿದರು ಅಂತ ಕಿರುಕುಳ ಕೊಟ್ಟವರ ಮೇಲೇ ನೇರ ಹೋಗಬಹುದು. ಅವರು ತಮ್ಮ ಸರ್ಕಾರಿ ಅಧಿಕಾರವನ್ನು ಬಳಸಿಕೊಂಡಿರಬೇಕು. ಟೈಟಲ್ ಸೆವೆನ್‌ನಲ್ಲಿ ವ್ಯಕ್ತಿಯ ಮೇಲೆ ಹೋಗಲು ನ್ಯಾಯಾಲಯಗಳು ಬಿಡುವುದಿಲ್ಲ. ನಗರವನ್ನೂ ಇದರಡಿ ಎಳೆಯಬೇಕಾದರೆ ಒಬ್ಬ ನೌಕರನ ತಪ್ಪು ಸಾಲದು. ಅದು ನಗರದ ನೀತಿಯೋ ಬೇರೂರಿದ ರೂಢಿಯೋ ಆಗಿತ್ತು ಅಂತ ತೋರಿಸಬೇಕು (ಮೊನೆಲ್ ತೀರ್ಪು, 1978). ‘ಈ ಇಲಾಖೆಯಲ್ಲಿ ದೂರು ಕೊಟ್ಟರೆ ಯಾರೂ ಏನೂ ಮಾಡಲ್ಲ’ ಅನ್ನುವುದನ್ನು ಹತ್ತಾರು ಹಳೇ ದೂರುಗಳಿಂದ ತೋರಿಸಲಾದರೆ ಅದು ರೂಢಿಯೇ.

ಹಂತ 10: ಎಷ್ಟು ಸಿಗಬಹುದು

1991ಕ್ಕೆ ಮೊದಲು ಟೈಟಲ್ ಸೆವೆನ್‌ನಲ್ಲಿ ಮನಸ್ಸಿನ ನೋವಿಗೆ ಪರಿಹಾರವೇ ಇರಲಿಲ್ಲ. ಇಷ್ಟು ದೊಡ್ಡ ತೀರ್ಪಾದ ಫ್ಯಾರಗರ್‌ನಲ್ಲಿ ಟೈಟಲ್ ಸೆವೆನ್ ದೂರಿಗೆ ಸಿಕ್ಕಿದ್ದು 1 ಡಾಲರ್. ಈಗ ನೋವಿನ ಪರಿಹಾರಕ್ಕೆ ನೌಕರರ ಸಂಖ್ಯೆ ನೋಡಿ ಮಿತಿ ಇದೆ: 15ರಿಂದ 100 ಜನರಿದ್ದರೆ 50,000 ಡಾಲರ್, 101ರಿಂದ 200ಕ್ಕೆ 1 ಲಕ್ಷ, 201ರಿಂದ 500ಕ್ಕೆ 2 ಲಕ್ಷ, ಅದಕ್ಕೂ ಮೇಲೆ 3 ಲಕ್ಷ. ಕಳೆದುಕೊಂಡ ಸಂಬಳ ಮತ್ತು ಮುಂದಿನ ಸಂಬಳದ ನಷ್ಟ ಈ ಮಿತಿಗೆ ಬರುವುದಿಲ್ಲ. ಸರ್ಕಾರಿ ಮಾಲೀಕರ ಮೇಲೆ ದಂಡದ ರೂಪದ ಹಣ ಇಲ್ಲ. ಸೆಕ್ಷನ್ 1983ರಲ್ಲಿ ಈ ಮಿತಿ ಇಲ್ಲ, ವ್ಯಕ್ತಿಯ ಮೇಲೆ ದಂಡವನ್ನೂ ಕೇಳಬಹುದು. ಎರಡನ್ನೂ ಜೊತೆಗೆ ಹಾಕುವುದು ಇದಕ್ಕೇ.

ನೀವೇ ಕ್ಯಾಪ್ಟನ್ ಅಥವಾ ಚೀಫ್ ಆಗಿದ್ದರೆ

ಕ್ಯಾಪ್ಟನ್ ಅವರಿಗೆ ಮೊದಲು. ‘ಯಾರಿಗೂ ಹೇಳಬೇಡಿ, ಸುಮ್ನೆ ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ’ ಅಂತ ಯಾರಾದರೂ ಶುರು ಮಾಡಿದರೆ ಅಲ್ಲೇ ತಡೆದು, ‘ನಾನು ಕೇಳಿದ ಮೇಲೆ ಮೇಲಕ್ಕೆ ತಿಳಿಸಲೇಬೇಕಾಗುತ್ತದೆ’ ಅಂತ ಹೇಳಿಬಿಡಿ. ಬೋಕಾ ರಟೋನ್‌ನಲ್ಲಿ ಕೇಳಿಸಿಕೊಂಡು ಸುಮ್ಮನಾದ ಅಧಿಕಾರಿಯ ಜಾಗದಲ್ಲಿ ನೀವು ನಿಲ್ಲಬಾರದು, ಅಲ್ವಾ?

ಚೀಫ್ ಅವರು ನೀತಿಯನ್ನು ಕೈಗೆ ಕೊಟ್ಟು ಸಹಿ ಪಡೆಯಬೇಕು. ದೂರಿಗೆ ಸರಪಳಿ ದಾಟುವ ಕನಿಷ್ಠ ಎರಡು ದಾರಿ ಇಡಬೇಕು. ತನಿಖೆ ಹೊರಗಿನವರಿಂದ ಮಾಡಿಸುವುದು ಒಳ್ಳೆಯದು, ಯಾಕೆಂದರೆ ಇಲಾಖೆಯಲ್ಲಿ ಎಲ್ಲರೂ ಎಲ್ಲರ ಜೊತೆ ಎಂದೋ ಒಂದೇ ಠಾಣೆಯಲ್ಲಿ ಮಲಗಿದವರೇ. ತನಿಖೆಯಲ್ಲಿ ‘ಉತ್ತರ ಕೊಡದಿದ್ದರೆ ಕೆಲಸ ಹೋಗುತ್ತದೆ’ ಅಂತ ಒತ್ತಾಯಿಸಿ ಪಡೆದ ಹೇಳಿಕೆಯನ್ನು ಆ ವ್ಯಕ್ತಿಯ ಮೇಲೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಬಳಸುವಂತಿಲ್ಲ (ಗ್ಯಾರಿಟಿ ತೀರ್ಪು, 1967). ಪೊಲೀಸ್ ಪ್ರಕರಣವೂ ಆಗಬಹುದಾದ ಘಟನೆಯಲ್ಲಿ ಪ್ರಶ್ನೆ ಕೇಳುವ ಮೊದಲೇ ನಗರದ ವಕೀಲರ ಜೊತೆ ಮಾತಾಡಿ. ವಜಾ ಮಾಡುವ ಮೊದಲು ಕಾಯಂ ನೌಕರರ ಮಾತು ಕೇಳಲೇಬೇಕು. ಒಕ್ಕೂಟ ಮಧ್ಯಸ್ಥಗಾರರ (ಆರ್ಬಿಟ್ರೇಟರ್) ಮುಂದೆ ಹೋಗಿ ಅವರನ್ನು ಮತ್ತೆ ಕೆಲಸಕ್ಕೆ ತಂದರೂ ತರಬಹುದು. ಆದರೆ ಆ ಭಯಕ್ಕೆ ಏನೂ ಮಾಡದೆ ಕೂತರೆ ನೊಂದವರ ಮೊಕದ್ದಮೆಯಲ್ಲಿ ಅದು ಸಬೂಬು ಆಗುವುದಿಲ್ಲ.

ನೀತಿ ಬರೆಯುವಾಗ ಅತಿಯೂ ಬೇಡ. ಲಾಸ್ ಏಂಜಲೀಸ್ ಕೌಂಟಿ ಅಗ್ನಿಶಾಮಕ ಇಲಾಖೆ 1992ರಲ್ಲಿ ಪ್ಲೇಬಾಯ್‌ನಂಥ ಪತ್ರಿಕೆಗಳನ್ನು ಠಾಣೆಯೊಳಗೆ ಎಲ್ಲೂ, ಲಾಕರ್‌ನಲ್ಲಿ ಕೂಡ, ಇಡಬಾರದು ಅಂತ ನಿಯಮ ಮಾಡಿತು. ಒಬ್ಬ ಕ್ಯಾಪ್ಟನ್ ಕೋರ್ಟ್‌ಗೆ ಹೋದರು. ಬಿಡುವಿನಲ್ಲಿ ಒಬ್ಬರೇ ಕೂತು ಓದುವುದನ್ನು ತಡೆಯುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ 1994ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಹೇಳಿತು. ಗೋಡೆಗೆ ಅಂಟಿಸುವುದು, ಬೇಡ ಅಂದವರ ಮುಖಕ್ಕೆ ಹಿಡಿಯುವುದು, ಊಟದ ಮೇಜಿನ ಮೇಲೆ ಹರಡಿಡುವುದು ಬೇರೆ ಮಾತು. ನೀತಿಯಲ್ಲಿ ನಿಷೇಧಿಸಬೇಕಾದದ್ದು ಇವನ್ನು, ಹೀಗೆ ಹೆಸರು ಹೇಳಿಯೇ.